ಹಳೇ ಸ್ಕೀ ಬೋಟು: ಮೊದಲು ನೆಲದಡಿಯ ತೊಲೆ ನೋಡಿ

ಗೋವಾ, ಮುಂಬೈ, ಕೊಚ್ಚಿ ಕಡೆಯಿಂದ ವಾಟ್ಸಾಪಿಗೆ ಮಾರಾಟಕ್ಕಿಟ್ಟ ಹಳೇ ಸ್ಕೀ ಬೋಟಿನ ಫೋಟೊ ಬರುತ್ತದೆ. ಹೊಸ ಬಣ್ಣ, ಹೊಸ ಸೀಟು, ನೆಲಕ್ಕೆ ಹೊಸ ಮ್ಯಾಟು. ಕೆಳಗೆ ‘ಫುಲ್ಲಿ ರಿಸ್ಟೋರ್ಡ್’ ಎಂಬ ಒಂದು ಸಾಲು. ಶರಾವತಿ ಹಿನ್ನೀರಿನ ದಡದಲ್ಲಿ ಹೋಮ್‌ಸ್ಟೇ ಇಟ್ಟವರಿಗೆ ಮನಸ್ಸು ಅಲ್ಲೇ ವಾಲುತ್ತದೆ.

ಮಲೆನಾಡಿನಲ್ಲಿ ಹಳೇ ಮನೆ ಕೊಳ್ಳುವವರು ಗೋಡೆಯ ಸುಣ್ಣ ನೋಡಿ ದುಡ್ಡು ಕೊಡುವುದಿಲ್ಲ. ಅಟ್ಟ ಹತ್ತಿ ತೊಲೆ, ಪಕಾಸಿ ತಟ್ಟಿ ನೋಡುತ್ತಾರೆ. ಬೋಟಿಗೂ ಅದೇ ಕ್ರಮ. ಬಣ್ಣ, ಸೀಟು, ಸ್ಟಿಕ್ಕರಿಗೆ ಲೆಕ್ಕದಲ್ಲಿ ಸೊನ್ನೆ ಹಾಕಿ. ಎಂಜಿನ್ ಕೆಟ್ಟರೆ ಬಿಚ್ಚಿ ಕಟ್ಟಬಹುದು, ಬೋರಿಂಗ್ ಮತ್ತು ಲೇತ್ ಕೆಲಸಕ್ಕೆ ಶಿವಮೊಗ್ಗದಲ್ಲೇ ಕೈಗಳಿವೆ. ನೆಲದಡಿಯ ತೊಲೆ ಕುಂಬಾಗಿದ್ದರೆ ಇಡೀ ಬೋಟನ್ನೇ ಮತ್ತೆ ಕಟ್ಟಬೇಕು. ಆ ಖರ್ಚು ಬೋಟಿನ ಬೆಲೆಯನ್ನೂ ದಾಟಬಹುದು.

ಸ್ಕೀ ಬೋಟು ಅಂದರೆ ಕಾಲಿಗೆ ಸ್ಕೀ ಹಲಗೆ ಕಟ್ಟಿದವರನ್ನು ಹಗ್ಗದಿಂದ ನೀರಿನ ಮೇಲೆ ಎಳೆಯುವ ಬೋಟು, ಹಿಂಬದಿಗೆ ಔಟ್‌ಬೋರ್ಡ್ ಎಂಜಿನ್ ನೇತುಹಾಕಿದ ಮಾಮೂಲಿ ಸ್ಪೀಡ್ ಬೋಟಲ್ಲ. ಉದ್ದ 19–20 ಅಡಿ. ಎಂಜಿನ್ ಬೋಟಿನ ನಡುಮಧ್ಯೆ ಪೆಟ್ಟಿಗೆಯೊಳಗೆ ಕೂತಿರುತ್ತದೆ. ಅಲ್ಲಿಂದ ಒಂದಿಂಚಿನ ಆಸುಪಾಸಿನ ಶಾಫ್ಟು ಓರೆಯಾಗಿ ತಳ ತೂರಿ ಹೊರಬಂದು ಪ್ರೊಪೆಲರ್ ತಿರುಗಿಸುತ್ತದೆ. ಹಳೆಯವುಗಳಲ್ಲಿ ಬಹುಪಾಲು ಅಮೆರಿಕದವು. ಎಂಜಿನ್ ಫೋರ್ಡ್ 351 (5.8 ಲೀಟರ್) ಅಥವಾ ಜಿಎಂ 350 (5.7 ಲೀಟರ್), ಎರಡೂ ಪೆಟ್ರೋಲ್ ವಿ8. ತಳದುದ್ದಕ್ಕೆ ಓಡುವ ತೊಲೆಗಳಿಗೆ ಸ್ಟ್ರಿಂಗರ್ ಅನ್ನುತ್ತಾರೆ. ಎಂಜಿನ್ನಿನ ಭಾರ, ಶಾಫ್ಟಿನ ತಳ್ಳು, ಸ್ಕೀ ಹಗ್ಗದ ಎಳೆತ ಎಲ್ಲವೂ ಕೊನೆಗೆ ಬೀಳುವುದು ಅವುಗಳ ಮೇಲೆ.

ಫೈಬರ್ ಕೊಳೆಯುವುದಿಲ್ಲ. ಆದರೆ ಹಳೇ ಬೋಟುಗಳಲ್ಲಿ ಈ ತೊಲೆ ಮರದ್ದು, ಮೇಲೆ ಫೈಬರ್ ಹೊದಿಕೆ ಮಾತ್ರ. ನಾಟಿಕ್ ಬೋಟು ಕಟ್ಟುವ ಕರೆಕ್ಟ್ ಕ್ರಾಫ್ಟ್ ಕಂಪನಿ 1993ರ ಹೊತ್ತಿಗೆ ಮರ ಬಿಟ್ಟಿತು. ಅದಕ್ಕೂ ಹಿಂದಿನದಾದರೆ ಒಳಗೆ ಮರವಿದೆ ಎಂದೇ ತಿಳಿದು ಪರೀಕ್ಷೆ ಮಾಡಿ. ನೀರು ಒಳಹೋಗುವುದು ದೊಡ್ಡ ಬಿರುಕಿನಿಂದಲ್ಲ, ಸೀಟಿಗೆ, ಎಂಜಿನ್ ಕಾಲಿಗೆ, ಸ್ಕೀ ಹಗ್ಗ ಕಟ್ಟುವ ಕಂಬಕ್ಕೆ ಹೊಡೆದ ಸ್ಕ್ರೂ ತೂತಿನಿಂದ. ಹೊದಿಕೆಯೊಳಗೆ ಹೊಕ್ಕ ನೀರಿಗೆ ಹೊರಬರಲು ದಾರಿಯಿಲ್ಲ. ತೊಲೆಗಳ ನಡುವೆ ತುಂಬಿದ ಫೋಮು ಸ್ಪಂಜಿನ ಹಾಗೆ ಆ ನೀರನ್ನು ಹಿಡಿದಿಟ್ಟುಕೊಂಡು ಮರಕ್ಕೆ ಒತ್ತಿಕೊಂಡೇ ಇರುತ್ತದೆ.

ಪರೀಕ್ಷೆಗೆ ಪ್ಲಾಸ್ಟಿಕ್ ತಲೆಯ ಸಣ್ಣ ಸುತ್ತಿಗೆ ಸಾಕು. ಎಂಜಿನ್ ಪೆಟ್ಟಿಗೆ ಎತ್ತಿಸಿ. ತೊಲೆಯ ಮೇಲೆ ಒಂದು ತುದಿಯಿಂದ ಇನ್ನೊಂದು ತುದಿಗೆ ಎರಡೆರಡು ಇಂಚಿಗೊಮ್ಮೆ ತಟ್ಟುತ್ತ ಹೋಗಿ. ಹಲಸಿನಕಾಯಿ ತಟ್ಟಿ ಬಲಿತಿದೆಯೋ ಇಲ್ಲವೋ ಹೇಳುವ ಕಿವಿ ಇದ್ದವರಿಗೆ ಇದು ಕಷ್ಟವಲ್ಲ. ಗಟ್ಟಿ ಮರ ‘ಟಕ್’ ಎಂದು ಸುತ್ತಿಗೆಯನ್ನು ವಾಪಸು ಎಸೆಯುತ್ತದೆ. ಕುಂಬಾದ ಕಡೆ ‘ದಪ್’ ಎಂದು ಸದ್ದು ಅಲ್ಲೇ ಅಡಗುತ್ತದೆ, ಸುತ್ತಿಗೆ ಪುಟಿಯುವುದಿಲ್ಲ. ಹೆಚ್ಚು ಹೊತ್ತು ಕೊಡಬೇಕಾದ್ದು ಎಂಜಿನ್ ಕಾಲುಗಳ ಸುತ್ತ ಮತ್ತು ಹಿಂಭಾಗದಲ್ಲಿ, ಬೋಟು ನಿಂತಾಗ ನೀರು ಸೇರುವುದು ಅಲ್ಲೇ.

ಆಮೇಲೆ ಸ್ಪ್ಯಾನರ್ ತಗೊಳ್ಳಿ. ಎಂಜಿನ್ ಕಾಲನ್ನು ತೊಲೆಗೆ ಬಿಗಿದ ದಪ್ಪ ಬೋಲ್ಟುಗಳನ್ನು ಒಂದೊಂದಾಗಿ ಬಿಗಿಯುವ ಕಡೆಗೆ ತಿರುಗಿಸಿ. ಗಟ್ಟಿ ನಿಂತರೆ ಸರಿ. ಸ್ವಲ್ಪ ಬಿಗಿಯಾದ ಹಾಗೆ ತೋರಿ ಮತ್ತೆ ಸಡಿಲವಾಗಿ ತಿರುಗುತ್ತಲೇ ಹೋದರೆ ಕೆಳಗಿನ ಮರ ಹೋಗಿದೆ. ಅನುಮಾನ ಉಳಿದರೆ ಮಾಲೀಕರ ಒಪ್ಪಿಗೆ ಪಡೆದು ತೊಲೆಯ ಒಳಬದಿಯಲ್ಲಿ 3 ಮಿ.ಮೀ. ಬಿಟ್‌ನಿಂದ ಒಂದು ತೂತು ಹೊಡೆದು, ಬರುವ ಹೊಟ್ಟನ್ನು ಅಂಗೈ ಮೇಲೆ ಹಿಡಿಯಿರಿ. ಬಿಳಿಚಿ, ಒಣಗಿ, ಗರಿಗರಿಯಾಗಿದ್ದರೆ ಒಳ್ಳೆಯದು. ಕಪ್ಪು-ಕಂದು ಬಣ್ಣದಲ್ಲಿ, ಹಿಂಡಿದರೆ ಉಂಡೆ ಕಟ್ಟುವ ಹಾಗಿದ್ದರೆ ಆ ವ್ಯಾಪಾರ ಅಲ್ಲಿಗೇ ಬಿಡಿ. ತೂತನ್ನು ಇಪಾಕ್ಸಿ ತುಂಬಿ ಮುಚ್ಚಿದರೆ ಬೋಟಿಗೆ ಏನೂ ಆಗದು. ಅಷ್ಟಕ್ಕೂ ಒಪ್ಪದ ಮಾರಾಟಗಾರರಿಗೆ ರಿಪೇರಿ ಆಗದ ಬೋಟಿನ ಬೆಲೆಯನ್ನಷ್ಟೇ ಹೇಳಿ.

ತೊಲೆ ಬದಲಾಯಿಸಿದ್ದೇವೆ ಎಂದರೆ ನೆಲ ಕಿತ್ತಾಗಿನ ಫೋಟೊ ಕೇಳಿ. ಎಂಜಿನ್ ಎತ್ತಿ, ನೆಲ ಕೊಯ್ದು, ಫೋಮು ಕೆತ್ತಿ ತೆಗೆದು, ಹೊಸ ತೊಲೆ ಕೂರಿಸಿ ಫೈಬರ್ ಹೊದಿಸುವುದು ವಾರಗಟ್ಟಲೆ ಕೆಲಸ. ಅಷ್ಟು ಮಾಡಿದವರು ಫೋಟೊ ತೆಗೆಯದೆ ಇರುವುದು ಅಪರೂಪ. ಯಾವ ಪ್ಲೈವುಡ್ ಹಾಕಿದರು ಎಂದೂ ಕೇಳಿ. ಐಎಸ್ 710 ಗುರುತಿನ ಮೆರೈನ್ ಪ್ಲೈ ಆಗಿರಬೇಕು, ಅದರ ಅಂಚು ಮತ್ತು ಪ್ರತಿ ಸ್ಕ್ರೂ ತೂತಿಗೆ ಇಪಾಕ್ಸಿ ಕುಡಿಸಿರಬೇಕು. ಪೀಠೋಪಕರಣದ ಅಗ್ಗದ ಪ್ಲೈ ಹಾಕಿ ಮೇಲೆ ಮ್ಯಾಟು ಅಂಟಿಸಿದ ನೆಲ ನಮ್ಮ ಮಳೆಗಾಲ ಬಹಳ ದಿನ ತಡೆಯುವುದಿಲ್ಲ.

ಫೋಮಿಗೆ ಇನ್ನೊಂದು ಪರೀಕ್ಷೆ ಇದೆ, ನಮ್ಮೂರಲ್ಲಿ ಬಲು ಸುಲಭ: ವೇಬ್ರಿಡ್ಜ್. ಬೋಟು ಸಮೇತ ಟ್ರೈಲರ್ ತೂಗಿಸಿ. ಬೋಟು ನೀರಿಗಿಳಿದ ದಿನ ಖಾಲಿ ಟ್ರೈಲರನ್ನೂ ತೂಗಿಸಿ ಕಳೆಯಿರಿ. ಈ ಅಳತೆಯ ಬೋಟಿಗೆ ಕಂಪನಿ ಹೇಳುವ ತೂಕ ಸಾಮಾನ್ಯವಾಗಿ 1,000ದಿಂದ 1,200 ಕೆ.ಜಿ. ಮಾಡೆಲ್‌ ಹೆಸರಿನ ಮೇಲೆ ನಿಖರ ಅಂಕಿ ಹುಡುಕಿಕೊಳ್ಳಿ. ಟ್ಯಾಂಕಿನ ಪೆಟ್ರೋಲಿಗೆ 100 ಲೀಟರಿಗೆ ಸುಮಾರು 75 ಕೆ.ಜಿ.ಯಂತೆ ಬಿಡಿ. ಅದೂ ಕಳೆದ ಮೇಲೆ 150 ಕೆ.ಜಿ. ಹೆಚ್ಚು ತೂಗಿದರೆ ಆ ಭಾರ ಫೋಮಿನೊಳಗಿನ ನೀರಿನದೇ ಇರಬೇಕು. ಬಿಸಿಲಿಗೆ ಇಟ್ಟರೆ ಆರುತ್ತದೆ ಎಂಬ ಮಾತು ನಂಬಬೇಡಿ, ಮುಚ್ಚಿದ ನೆಲದಡಿಯಿಂದ ಆ ನೀರು ಹೊರಡುವುದಿಲ್ಲ.

ಹೊರಮೈ ನೋಡಲು ಸಂಜೆ ಮಬ್ಬಿನಲ್ಲಿ ಟಾರ್ಚನ್ನು ಮೈಗೆ ಒತ್ತಿ ಓರೆಯಾಗಿ ಹಿಡಿಯಿರಿ. ಪುಟ್ಟಿ ತುಂಬಿ ಬಣ್ಣ ಹೊಡೆದ ಕಡೆ ಮೈ ಅಲೆಅಲೆಯಾಗಿ ಕಾಣುತ್ತದೆ. ತಳದಲ್ಲಿ ಶಾಫ್ಟ್ ಹಿಡಿದಿರುವ ಕಂಚಿನ ಕಾಲು, ಅಂದರೆ ಸ್ಟ್ರಟ್, ಅದರ ಬುಡದಿಂದ ಜೇಡರ ಬಲೆಯ ಹಾಗೆ ಬಿರುಕು ಹರಡಿದ್ದರೆ ಬೋಟು ಏನಕ್ಕೋ ಬಡಿದಿದೆ ಎಂದರ್ಥ.

ಎಂಜಿನ್ ಪರೀಕ್ಷೆ ತಣ್ಣಗಿದ್ದಾಗಲೇ ಶುರುವಾಗಬೇಕು. ಮೊದಲೇ ಓಡಿಸಿ ಬಿಸಿ ಮಾಡಿಡಬೇಡಿ ಎಂದು ಹೇಳಿ ಹೋಗಿ, ಹೋದ ಕೂಡಲೇ ಎಂಜಿನ್ನಿನ ಹೊಗೆ ಸಾಗಿಸುವ ಮ್ಯಾನಿಫೋಲ್ಡ್ ಮೇಲೆ ಕೈ ಇಟ್ಟು ನೋಡಿ. ಡಿಪ್‌ಸ್ಟಿಕ್ಕಿನ ಆಯಿಲ್ ಹಾಲು ಬೆರೆಸಿದ ಕಾಫಿಯ ಬಣ್ಣಕ್ಕಿದ್ದರೆ ನೀರು ಸೇರಿದೆ. ಅದಕ್ಕೆ ಎರಡು ಮುಖ್ಯ ಕಾರಣ. ಈ ಎಂಜಿನ್‌ಗಳಲ್ಲಿ ಹೆಚ್ಚಿನವು ಕೆರೆ ಅಥವಾ ಸಮುದ್ರದ ನೀರನ್ನೇ ಎಳೆದು ತಂಪಾಗುತ್ತವೆ. ಸಮುದ್ರದಲ್ಲಿ ಓಡಿದ್ದರೆ ಎರಕದ ಮ್ಯಾನಿಫೋಲ್ಡ್, ಅದರ ಮೇಲಿನ ಕೊಳವೆಯಾದ ರೈಸರ್ ಒಳಗಿನಿಂದ ಉಪ್ಪು ತಿಂದು ತೂತಾಗುತ್ತವೆ. ಚಳಿ ದೇಶದಿಂದ ಬಂದಿದ್ದರೆ ಯಾವುದೋ ಚಳಿಗಾಲದಲ್ಲಿ ನೀರು ಖಾಲಿ ಮಾಡದೆ ಬಿಟ್ಟು, ಒಳಗೇ ಹೆಪ್ಪುಗಟ್ಟಿ ಬ್ಲಾಕ್ ಸೀಳಿರಬಹುದು. ನಮ್ಮಲ್ಲಿ ಮಂಜುಗಡ್ಡೆಯಿಲ್ಲದ ಕಾರಣ ಇದು ಯಾರ ತಲೆಗೂ ಹೊಳೆಯುವುದಿಲ್ಲ. ಮ್ಯಾನಿಫೋಲ್ಡಿನ ಕೆಳಗೆ ಬ್ಲಾಕಿನ ಎರಡೂ ಪಕ್ಕ ಅಡ್ಡಡ್ಡ ಗೆರೆ, ಇಪಾಕ್ಸಿ ಬಳಿದ ಗುರುತು, ಅಷ್ಟು ಜಾಗಕ್ಕೆ ಮಾತ್ರ ದಪ್ಪ ಬಣ್ಣ ಕಂಡರೆ ಅನುಮಾನಿಸಿ.

ಎಂಜಿನ್ ಬಿಸಿಯಾದ ಮೇಲೆ ಕಂಪ್ರೆಷನ್, ಅಂದರೆ ಸಿಲಿಂಡರಿನೊಳಗಿನ ಒತ್ತಡ, ಗೇಜ್ ಹಾಕಿ ಅಳೆಸಿ. ಎಂಟೂ ಪ್ಲಗ್ ಬಿಚ್ಚಿ, ಇಗ್ನಿಷನ್ ವೈರ್ ತೆಗೆದು, ಥ್ರಾಟಲ್ ಪೂರ್ತಿ ತೆರೆದು, ಒಂದೊಂದು ಸಿಲಿಂಡರಿಗೂ ಐದಾರು ಸುತ್ತು ಕ್ರ್ಯಾಂಕ್ ಮಾಡಿ. 140–160 ಪಿಎಸ್‌ಐ ಚೆನ್ನಾಗಿದೆ. ಅಂಕಿಗಿಂತ ಸಮತೋಲ ಮುಖ್ಯ: ಅತಿ ಹೆಚ್ಚಿನದಕ್ಕೂ ಅತಿ ಕಡಿಮೆಯದಕ್ಕೂ ನೂರಕ್ಕೆ 15ಕ್ಕಿಂತ ಹೆಚ್ಚು ವ್ಯತ್ಯಾಸ ಇರಬಾರದು. ಕಡಿಮೆ ಬಂದ ಸಿಲಿಂಡರಿಗೆ ಒಂದು ಚಮಚ ಎಂಜಿನ್ ಆಯಿಲ್ ಬಿಟ್ಟು ಮತ್ತೆ ನೋಡಿ. ಏರಿದರೆ ರಿಂಗ್ ಸವೆದಿದೆ, ಏರದಿದ್ದರೆ ವಾಲ್ವ್ ಅಥವಾ ಹೆಡ್ ಗ್ಯಾಸ್ಕೆಟ್. ಅಕ್ಕಪಕ್ಕದ ಎರಡು ಸಿಲಿಂಡರ್ ಒಟ್ಟಿಗೇ ಬಿದ್ದಿದ್ದರೆ ಅವುಗಳ ನಡುವೆ ಗ್ಯಾಸ್ಕೆಟ್ ಹೋಗಿದೆ.

ಪೆಟ್ರೋಲಿನ ವಿಷಯದಲ್ಲಿ ರಾಜಿ ಬೇಡವೇ ಬೇಡ. ಮುಚ್ಚಿದ ಪೆಟ್ಟಿಗೆಯೊಳಗೆ ಪೆಟ್ರೋಲ್ ಆವಿ ಗಾಳಿಗಿಂತ ಭಾರವಾಗಿ ತಳದಲ್ಲಿ ಮಲಗಿರುತ್ತದೆ, ಒಂದು ಕಿಡಿ ಸಾಕು. ಅದಕ್ಕಾಗಿಯೇ ಬೋಟಿನ ಸ್ಟಾರ್ಟರ್, ಆಲ್ಟರ್ನೇಟರ್, ಡಿಸ್ಟ್ರಿಬ್ಯೂಟರ್ ಕಿಡಿ ಹೊರಹಾರದ ಹಾಗೆ ಬೇರೆಯಾಗಿಯೇ ತಯಾರಾಗುತ್ತವೆ. ನೋಡಲು ಒಂದೇ ಥರ ಎಂದು ಕಾರಿನದನ್ನು ತಂದು ಕೂರಿಸಿರುವುದುಂಟು. ಬಿಡಿಭಾಗದ ಮೇಲೆ ‘ಮೆರೈನ್’ ಗುರುತು ಓದಿ. ಕಾರ್ಬ್ಯುರೇಟರ್ ಮೇಲೆ ಕಾರಿನ ಏರ್‌ಫಿಲ್ಟರ್ ಇದ್ದು, ಬೆಂಕಿ ಹೊರಚಿಮ್ಮದಂತೆ ತಡೆಯುವ ಫ್ಲೇಮ್ ಅರೆಸ್ಟರ್ ಇಲ್ಲದಿದ್ದರೆ, ಗಾಳಿ ಎಳೆಯುವ ಬ್ಲೋವರ್ ಕೆಲಸ ಮಾಡದಿದ್ದರೆ ಆ ಬೋಟಿನಲ್ಲಿ ಮಕ್ಕಳನ್ನು ಕೂರಿಸಲೇಬೇಡಿ. ಸ್ಟಾರ್ಟ್ ಮಾಡುವ ಮೊದಲು ನಾಲ್ಕು ನಿಮಿಷ ಬ್ಲೋವರ್ ಓಡಿಸುವುದು ಕಡ್ಡಾಯ.

ಇದರ ಜೊತೆಗೆ ಎಥೆನಾಲ್. ಈಗ ನಮ್ಮ ಬಂಕುಗಳಲ್ಲಿ ಸಿಗುವುದು 20% ಎಥೆನಾಲ್ ಬೆರೆತ ಪೆಟ್ರೋಲ್. ಬೋಟಿನ ಎಂಜಿನ್ ಕಂಪನಿಗಳು ಸಾಮಾನ್ಯವಾಗಿ ಒಪ್ಪುವುದು 10%ವರೆಗೆ. ಹಳೇ ರಬ್ಬರ್ ಪೈಪು ಇದರಿಂದ ಮೆತ್ತಗಾಗಿ ಬೆವರುತ್ತದೆ. ಒಣ ಬಟ್ಟೆಯಿಂದ ಪೈಪು ಒರೆಸಿ ಮೂಸಿ ನೋಡಿ. ಪೆಟ್ರೋಲ್ ವಾಸನೆ ಬಟ್ಟೆಗೆ ಹತ್ತಿದರೆ ಎಲ್ಲ ಪೈಪೂ ಬದಲಿಸಬೇಕು. ಹೊಸ ಪೈಪಿನ ಮೇಲೆ ‘ಎಸ್‌ಎಇ ಜೆ1527’, ‘ಎ1’ ಎಂದು ಅಚ್ಚಾಗಿರಬೇಕು. ಎಥೆನಾಲ್ ಗಾಳಿಯ ತೇವ ಹೀರುವುದರಿಂದ ಜೂನ್‌ನಲ್ಲಿ ತುಂಬಿಸಿಟ್ಟ ಪೆಟ್ರೋಲನ್ನು ಅಕ್ಟೋಬರಿನಲ್ಲಿ ಹಾಗೇ ಬಳಸಬಾರದು, ಟ್ಯಾಂಕಿನ ಅಡಿಯಲ್ಲಿ ನೀರು ಬೇರೆಯಾಗಿ ನಿಂತಿರುತ್ತದೆ.

ಗೇರ್‌ಬಾಕ್ಸಿಗೆ ಹೆಚ್ಚು ಹೇಳಬೇಕಿಲ್ಲ. ಆಯಿಲ್ ಸ್ವಚ್ಛ ಕೆಂಪಾಗಿರಲಿ. ತಿಳಿಗುಲಾಬಿಯಾದರೆ ಆಯಿಲ್ ಕೂಲರ್ ಒಡೆದು ನೀರು ಬೆರೆತಿದೆ, ಕಪ್ಪಾಗಿ ಸೀದ ವಾಸನೆ ಬಂದರೆ ಕ್ಲಚ್ ಪ್ಲೇಟ್ ಸುಟ್ಟಿದೆ.

ಶಾಫ್ಟ್ ನೋಡಲು ಬೋಟು ನೀರಿನಲ್ಲೇ ಇರಬೇಕು. ಟ್ರೈಲರ್ ಮೇಲೆ ತಳ ಬೇರೆ ಥರ ಬಾಗುವುದರಿಂದ ಅಲ್ಲಿ ನೋಡಿದ ಅಲೈನ್‌ಮೆಂಟ್, ಅಂದರೆ ಶಾಫ್ಟೂ ಗೇರ್‌ಬಾಕ್ಸೂ ಒಂದೇ ನೇರಕ್ಕಿವೆಯೇ ಎಂಬ ಅಳತೆ, ಸುಳ್ಳು ಹೇಳುತ್ತದೆ. ಗೇರ್‌ಬಾಕ್ಸಿಗೂ ಶಾಫ್ಟಿಗೂ ನಡುವಿನ ಕಪ್ಲಿಂಗ್ ಬೋಲ್ಟು ಬಿಚ್ಚಿ, ಎರಡು ಮುಖಗಳನ್ನು ಕೈಯಲ್ಲೇ ತಾಗಿಸಿ, ಮೇಲೆ, ಕೆಳಗೆ, ಎಡ, ಬಲ ನಾಲ್ಕೂ ಕಡೆ ಸಂದು ಅಳೆಯುವ ತೆಳು ಪಟ್ಟಿ, ಫೀಲರ್ ಗೇಜ್, ತೂರಿಸಿ. ಯಾವ ಎರಡು ಕಡೆಗೂ 3 ಥೌ, ಅಂದರೆ 0.08 ಮಿ.ಮೀ.ಗಿಂತ ಹೆಚ್ಚು ಅಂತರದ ವ್ಯತ್ಯಾಸ ಬರಬಾರದು. ಬಂದರೆ ಎಂಜಿನ್ ಕಾಲು ಕುಸಿದಿದೆ ಅಥವಾ ಕೆಳಗಿನ ತೊಲೆ ಮೆತ್ತಗಾಗಿದೆ, ಮತ್ತೆ ಸುತ್ತಿಗೆ ಹಿಡಿಯಿರಿ. ಶಾಫ್ಟ್ ಹೊರಹೋಗುವಲ್ಲಿ ನೀರು ಒಳಬರದಂತೆ ತಡೆಯುವ ಗ್ಲ್ಯಾಂಡಿನಿಂದ ಓಡುವಾಗ ನಿಮಿಷಕ್ಕೆ ಕೆಲವು ಹನಿ ಬೀಳುವುದು ದೋಷವಲ್ಲ, ಆ ನೀರೇ ಅದನ್ನು ತಂಪಾಗಿಡುತ್ತದೆ. ಒಂದು ಹನಿಯೂ ಇಲ್ಲದೆ ಮುಟ್ಟಿದರೆ ಸುಡುವಂತಿದ್ದರೆ ಅತಿಯಾಗಿ ಬಿಗಿದಿದ್ದಾರೆ.

ನೀರಿನಲ್ಲಿ ಅರ್ಧ ಗಂಟೆಯಾದರೂ ಓಡಿಸಿ. ಇಬ್ಬರು ಕೂತು ಥ್ರಾಟಲ್ ಪೂರ್ತಿ ಒತ್ತಿದರೆ 4,400 ಆರ್‌ಪಿಎಂ ಆಸುಪಾಸು ಮುಟ್ಟಬೇಕು. 4,000ದಲ್ಲೇ ನಿಂತರೆ ಎಂಜಿನ್ ಬಳಲಿದೆ, ಪ್ರೊಪೆಲರ್ ತಪ್ಪು ಅಳತೆಯದು ಅಥವಾ ಬೋಟು ನೀರು ಕುಡಿದು ಭಾರವಾಗಿದೆ. ಸ್ಕೀಯರ್ ಎಳೆಯುವಾಗ ಗಂಟೆಗೆ 58 ಕಿ.ಮೀ. ಅಲುಗದೆ ಹಿಡಿಯಬೇಕು, ತೇಲುಗುಂಡುಗಳ ಸುತ್ತ ಅಂಕುಡೊಂಕಾಗಿ ಸಾಗುವ ಸ್ಲಾಲಂ ಸ್ಕೀ ಪಂದ್ಯದ ಗರಿಷ್ಠ ವೇಗ ಅದು. ಎಂಜಿನ್ ಬಿಸಿ ತೋರಿಸುವ ಮೀಟರ್ ವೇಗದ ಜೊತೆ ಏರುತ್ತಲೇ ಹೋದರೆ ಮೊದಲು ನೀರೆಳೆಯುವ ರಬ್ಬರ್ ಇಂಪೆಲರ್ ಬಿಚ್ಚಿ ನೋಡಿ. ಅದರ ರೆಕ್ಕೆ ಮುರಿದು ಪೈಪಿನಲ್ಲಿ ಸಿಕ್ಕಿರುತ್ತದೆ. ಪ್ರತಿ ವರ್ಷ ಬದಲಿಸುವ ಭಾಗ ಅದು, ತಪ್ಪೇನಲ್ಲ, ಆದರೆ ಬಿಸಿಯಾಗಿಯೇ ಎಷ್ಟು ದಿನ ಓಡಿಸಿದರು ಎಂಬುದು ಪ್ರಶ್ನೆ.

ಕಾಗದಕ್ಕೆ ಬಂದರೆ, ಅಮೆರಿಕದ ಬೋಟಿನ ಹಿಂಭಾಗದ ಬಲಮೂಲೆಯಲ್ಲಿ 12 ಅಕ್ಷರ-ಅಂಕಿಗಳ ಹಲ್ (ಬೋಟಿನ ಒಡಲಿನ) ನಂಬರ್ ಕೊರೆದಿರುತ್ತದೆ. 1984ರ ನಂತರದವುಗಳಲ್ಲಿ ಕೊನೆಯ ಎರಡು ಅಂಕಿ ಮಾಡೆಲ್ ವರ್ಷ. ಅದು ಆಮದು ದಾಖಲೆಗೆ ಹೊಂದಬೇಕು, ಬಣ್ಣದಡಿ ಮುಚ್ಚಿಹೋಗಿದ್ದರೆ ಕೆರೆಸಿ ಓದಿಸಿ. 2021ರ ಒಳನಾಡು ಹಡಗು ಕಾಯ್ದೆಯಡಿ ಸರ್ವೆ, ನೋಂದಣಿ, ವಿಮೆಯ ಲೆಕ್ಕವೂ ಇದೆ. ಶರಾವತಿಯ ಲಿಂಗನಮಕ್ಕಿ ಜಲಾಶಯದ ನೀರು ಕರ್ನಾಟಕ ವಿದ್ಯುತ್ ನಿಗಮದ್ದು, ದಡದ ಎಷ್ಟೋ ಭಾಗ ಅಭಯಾರಣ್ಯ. ನಿಗಮ, ಅರಣ್ಯ ಇಲಾಖೆ, ಬಂದರು ಮತ್ತು ಒಳನಾಡು ಜಲಸಾರಿಗೆ ಇಲಾಖೆ ಮೂರೂ ಕಡೆ ವಿಚಾರಿಸಿದ ಮೇಲೆಯೇ ಮುಂಗಡ ಕೊಡಿ.

ಇಷ್ಟೆಲ್ಲ ಸರಿಯಿದ್ದರೂ ಇನ್ನೊಂದು ಉಳಿಯುತ್ತದೆ, ಅದು ನಿಮ್ಮ ನೀರು. ಲಿಂಗನಮಕ್ಕಿ ತುಂಬಿದಾಗ ನೀರಿನ ಮಟ್ಟ ಸಮುದ್ರಮಟ್ಟದಿಂದ 1,819 ಅಡಿ. ಬೇಸಿಗೆಯಲ್ಲಿ ನೀರು ಇಳಿದ ಹಾಗೆ ಅಣೆಕಟ್ಟು ಮುಗಿದ 1964ಕ್ಕೆ ಮುಂಚಿನ ಕಾಡಿನ ಒಣ ಬೊಡ್ಡೆಗಳು ಒಂದೊಂದಾಗಿ ತಲೆ ಎತ್ತುತ್ತವೆ. ಇನ್ನೂ ಇಳಿದರೆ ಮಡೆನೂರಿನ ಹಳೇ ಅಣೆಕಟ್ಟೇ ಕಾಣುತ್ತದೆ. ಅಪಾಯ ಇರುವುದು ಕಾಣುವ ಬೊಡ್ಡೆಯಲ್ಲಲ್ಲ, ನೀರಿಗಿಂತ ಒಂದಡಿ ಕೆಳಗಿರುವುದರಲ್ಲಿ. ಔಟ್‌ಬೋರ್ಡ್ ಬೊಡ್ಡೆಗೆ ಬಡಿದರೆ ಕಾಲು ಮೇಲೆತ್ತಿಕೊಳ್ಳುತ್ತದೆ. ಸ್ಕೀ ಬೋಟಿನ ಪ್ರೊಪೆಲರ್ ನೀರಿನೊಳಗೆ ಸುಮಾರು ಎರಡಡಿ ಇಳಿದು ಅಲುಗದೆ ನಿಂತಿರುತ್ತದೆ. ಬಡಿದರೆ ಪ್ರೊಪೆಲರ್, ಶಾಫ್ಟ್, ಸ್ಟ್ರಟ್ ಒಟ್ಟಿಗೇ ಬಾಗಿ, ತಳವೇ ಕಿತ್ತುಬರಬಹುದು. ಅತಿಥಿಗಳನ್ನು ದ್ವೀಪ ತೋರಿಸಿ ತರುವ ಕೆಲಸಕ್ಕಾದರೆ 40–60 ಎಚ್‌ಪಿ ಔಟ್‌ಬೋರ್ಡ್ ಸಾಕು, ಗಂಟೆಗೆ 15–20 ಲೀಟರ್ ಕುಡಿಯುವ ವಿ8 ಬೇಡ.

ಸ್ಕೀ ಆಡಿಸುವುದೇ ಉದ್ದೇಶವಾದರೆ ಮೇ ತಿಂಗಳಲ್ಲಿ ನಿಮ್ಮ ದಡದ ಬರಿನೆಲದಲ್ಲಿ ನಡೆಯಿರಿ. ಸ್ಲಾಲಂ ಓಟದ ಉದ್ದ 259 ಮೀಟರ್, ವೇಗ ಹಿಡಿಯಲು ಮತ್ತು ನಿಲ್ಲಲು ಎರಡೂ ತುದಿಗೆ ಸೇರಿ ಕನಿಷ್ಠ 600 ಮೀಟರ್ ನೇರ ನೀರು ಬೇಕು, ಆಳ ಎರಡು ಮೀಟರಿಗೆ ಕಮ್ಮಿಯಿರಬಾರದು. ಕಂಡ ಪ್ರತಿ ಬೊಡ್ಡೆಯ ಜಾಗವನ್ನೂ ಎತ್ತರವನ್ನೂ ಮೊಬೈಲಿನ ಜಿಪಿಎಸ್‌ನಲ್ಲಿ ಗುರುತಿಸಿ, ನೀರು ಎಷ್ಟು ಅಡಿಗೆ ಬಂದರೆ ಅವು ಎರಡು ಮೀಟರ್ ಮುಳುಗುತ್ತವೆ ಎಂದು ಲೆಕ್ಕ ಹಾಕಿ. ವರ್ಷದಲ್ಲಿ ಎಷ್ಟು ವಾರ ಆ ಮಟ್ಟ ಸಿಗುತ್ತದೆಯೋ ಅಷ್ಟೇ ವಾರ ಆ ಬೋಟು ನಿಮಗೆ ದುಡಿಯುವುದು.