ಸೆಂಟಾರಸ್ ಎಕ್ಸ್-3: ಆ 3.9 ಮಿಲಿಸೆಕೆಂಡಿನ ಕಾಟ ಕೊನೆಗೂ ತೊಲಗಿತು

ಸೆಂಟಾರಸ್ ಎಕ್ಸ್-3 ಒಂದು ಎಕ್ಸ್-ಕಿರಣ ಪಲ್ಸಾರ್, ಅಂದರೆ ತಿರುಗುತ್ತಾ ಸುಮಾರು 4.8 ಸೆಕೆಂಡಿಗೊಮ್ಮೆ ಮಿಡಿಯುವ ನ್ಯೂಟ್ರಾನ್ ನಕ್ಷತ್ರ; ಆ ಅವಧಿಯನ್ನು ಸರಿಯಾಗಿ ಅಳೆಯುವುದೇ ಇಲ್ಲಿನ ಕೆಲಸ. ಲೆವೆಲ್-1 (ಹೆಚ್ಚುಕಡಿಮೆ ಕಚ್ಚಾ) ಫೈಲುಗಳನ್ನು ಜೋಡಿಸುವುದು, ಬ್ಯಾರಿಸೆಂಟರ್ ತಿದ್ದುಪಡಿ (ಕಾಲವನ್ನು ಸೌರಮಂಡಲದ ದ್ರವ್ಯರಾಶಿ ಕೇಂದ್ರಕ್ಕೆ ಹೊಂದಿಸುವುದು) ಇವೆಲ್ಲ ಎಲ್ಲರೂ ಮಾಡುವುದೇ, ಬಿಡಿ. ಬ್ಯಾಲಾಳಿನ ಇಸ್ರೋ ಭಂಡಾರದಿಂದ ಇಳಿಸಿಕೊಂಡದ್ದು ಆಸ್ಟ್ರೋಸ್ಯಾಟ್ ಉಪಗ್ರಹದ ಎಕ್ಸ್-ಕಿರಣ ಉಪಕರಣ ಲ್ಯಾಕ್ಸ್‌ಪಿಸಿಯ ದತ್ತಾಂಶ. (ಹಾರ್ಡ್‌ಡಿಸ್ಕ್ ಮಾರುವ ಮಹಾನುಭಾವರೇ, ಒಳಗಿರುವುದು ನಿಧಾನವಾಗಿ ಬರೆಯುವ ಎಸ್‌ಎಂಆರ್ ಡಿಸ್ಕ್ ಅಂತ ಡಬ್ಬಿಯ ಮೇಲೆ ಹಾಕಿದರೆ ನಿಮ್ಮ ಗಂಟೇನು ಹೋಗುತ್ತದೆ? ದೊಡ್ಡ ಫೈಲು ಬಿಚ್ಚಲು ಕೂತರೆ ಅರ್ಧದಲ್ಲೇ ಉಸಿರು ಕಟ್ಟುತ್ತದೆ.)

4.8 ಸೆಕೆಂಡಿನ ಆಸುಪಾಸಿನಲ್ಲಿ ಇಎಫ್‌ಸರ್ಚ್ (ಅವಧಿ ಹುಡುಕುವ ತಂತ್ರಾಂಶ) ಓಡಿಸಿದರೆ ಬಂದದ್ದು ಒಂದು ಶಿಖರವಲ್ಲ, ಬಾಚಣಿಗೆ ಹಲ್ಲಿನಂಥ ಸಾಲು. ಹಲ್ಲಿಗೂ ಹಲ್ಲಿಗೂ 3.9 ಮಿಲಿಸೆಕೆಂಡು. ಉಪಗ್ರಹ ಸುಮಾರು 5855 ಸೆಕೆಂಡಿಗೊಮ್ಮೆ ಭೂಮಿ ಸುತ್ತುತ್ತದೆ. ಪ್ರತಿ ಸುತ್ತಿನಲ್ಲೂ ಭೂಮಿ ಅಡ್ಡ ಬಂದು ದತ್ತಾಂಶದಲ್ಲಿ ತೂತು, ಆ ತೂತುಗಳೇ ಸುಳ್ಳು ಹಲ್ಲು ಹುಟ್ಟಿಸುವುದು. 4.8ರ ವರ್ಗವನ್ನು 5855ರಿಂದ ಭಾಗಿಸಿ, ಅದೇ 0.0039 ಸಿಗುತ್ತದೆ.

ಒಂಟಿ ಪಲ್ಸಾರ್ ಆಗಿದ್ದರೆ ಅತಿ ಎತ್ತರದ ಹಲ್ಲು ಹಿಡಿದು ಮುಂದೆ ಹೋಗಬಹುದಿತ್ತು. ಇದು ದೈತ್ಯ ನಕ್ಷತ್ರವೊಂದರ ಜೊತೆ 2.09 ದಿನಕ್ಕೊಂದು ಸುತ್ತು ಹಾಕುತ್ತದೆ, ಡಾಪ್ಲರ್ ಪರಿಣಾಮದಿಂದ (ಹತ್ತಿರ ಬರುವಾಗ ಕುಗ್ಗಿ, ದೂರ ಹೋಗುವಾಗ ಹಿಗ್ಗಿ) ಅವಧಿ 6.6 ಮಿಲಿಸೆಕೆಂಡು ಆಚೀಚೆ ಓಲಾಡುತ್ತದೆ. ನಿಜವಾದ ಓಲಾಟವೂ ಸುಳ್ಳು ಹಲ್ಲಿನ ಅಂತರವೂ ಹೆಚ್ಚುಕಡಿಮೆ ಒಂದೇ ಅಳತೆ! ಉದ್ದದ ದತ್ತಾಂಶ ಹಾಕೋಣವೆಂದರೆ ಅದೂ ಇಲ್ಲ: ಡಾಪ್ಲರ್ ವೇಗವಾಗಿ ಬದಲಾಗುವ ಹೊತ್ತಿನಲ್ಲಿ 10,000 ಸೆಕೆಂಡು ದಾಟಿದರೆ ಆವರ್ತನ ಒಂದಿಡೀ ಎಫ್‌ಎಫ್‌ಟಿ ಬಿನ್ (ಆವರ್ತನ ಪಟ್ಟಿಯ ಒಂದು ಮನೆ) ಜಾರಿ ಶಿಖರವೇ ಕಲಸಿಹೋಗುತ್ತದೆ.

ಕೆಲಸಕ್ಕೆ ಬಂದ ದಾರಿ ಇದು. ಉಪಗ್ರಹದ ಸುತ್ತುಗಳನ್ನು ಕೂಡಿಸಲೇಬೇಡಿ. ಒಂದು ಸುತ್ತಿನ ಸುಮಾರು 3000 ಸೆಕೆಂಡನ್ನು 500ರ ಆರು ತುಂಡು ಮಾಡಿ, ಎಲ್ಲವನ್ನೂ ಒಂದೇ ಅವಧಿಗೆ 32 ಬಿನ್‌ನಲ್ಲಿ ಮಡಚಿ (ಮಿಡಿತಗಳನ್ನು ಒಂದರ ಮೇಲೊಂದು ಪೇರಿಸಿ), ಮಾದರಿ ಪ್ರೊಫೈಲಿನ (ಮಿಡಿತದ ಆಕಾರದ) ಜೊತೆ ಹೋಲಿಸಿ ಫೇಸ್ (ಆವರ್ತದಲ್ಲಿ ಮಿಡಿತ ಬೀಳುವ ಜಾಗ) ತೆಗೆಯಿರಿ. ಆರು ಬಿಂದುಗಳಿಗೆ ಗೆರೆ ಎಳೆದರೆ ಅದರ ಇಳಿಜಾರೇ ಅವಧಿಯ ತಿದ್ದುಪಡಿ. ಒಂದೊಂದು ಫೇಸೂ 0.02 ಆವರ್ತದಷ್ಟು ನಿಖರವಾಗಿದ್ದರೆ ಅವಧಿಯ ದೋಷ 0.2 ಮಿಲಿಸೆಕೆಂಡು. 3.9ರ ಮುಂದೆ ಅದು ಯಾವ ಲೆಕ್ಕ? ತೂತೇ ಇಲ್ಲದ ತುಂಡಿನಲ್ಲಿ ಬಾಚಣಿಗೆಯೂ ಇಲ್ಲ.

ಜೊತೆಗಾರ ನಕ್ಷತ್ರ ಪಲ್ಸಾರನ್ನು ಮರೆಮಾಡುವ ಗ್ರಹಣದ ಹೊತ್ತಿನ ಸುತ್ತುಗಳನ್ನು ಮೊದಲೇ ಕಿತ್ತುಹಾಕಿ. ಅಲ್ಲಿ ಬರೀ ಗದ್ದಲಕ್ಕೆ ಗೆರೆ ಎಳೆದಂತಾಗುತ್ತದೆ. ಮಿಡಿತ 2.4 ಸೆಕೆಂಡಿನಲ್ಲೂ ಕಂಡಿತೆಂದು ಹಿಗ್ಗಬೇಡಿ, ಅದು ಹಾರ್ಮೋನಿಕ್, 4.8ರ ಅರ್ಧ ಅಷ್ಟೇ.

ಉಳಿದ ಅವಧಿಗಳಿಗೆ ಸೈನ್ ವಕ್ರ ಕೂರಿಸಿದರೆ ಕಕ್ಷೆಯ ಅಳತೆ ಸುಮಾರು 39.5 ಜ್ಯೋತಿರ್‌ಸೆಕೆಂಡು (ಬೆಳಕು ಅಷ್ಟು ಸೆಕೆಂಡಿನಲ್ಲಿ ಸಾಗುವ ದೂರ), ಉಹುರು ಉಪಗ್ರಹದ 1970ರ ದಶಕದ ಲೆಕ್ಕಕ್ಕೂ ಇದಕ್ಕೂ ಜಗಳವಿಲ್ಲ. ಇದರಿಂದ ಮಾಸ್ ಫಂಕ್ಷನ್ (ಕಕ್ಷೆಯಿಂದ ಸಿಗುವ ಜೊತೆಗಾರನ ಕನಿಷ್ಠ ರಾಶಿ) 15 ಸೌರರಾಶಿಗೂ ಮೇಲೆ. ಅಂದರೆ ಜೊತೆಗಾರ ಅದಕ್ಕಿಂತ ಹಗುರವಿರಲು ಸಾಧ್ಯವೇ ಇಲ್ಲ. ದೂರದರ್ಶಕ ಮುಟ್ಟದೆಯೇ ಓ ವರ್ಗದ (ಅತಿ ಬಿಸಿಯ) ನಕ್ಷತ್ರದ ತೂಕ ಹಾಕಿದಂತಾಯಿತು!

ಮುಂದಿನ ಬೇಟೆ ಎಸ್‌ಎಎಕ್ಸ್ ಜೆ1808 ಎಂಬ ಇನ್ನೊಂದು ಪಲ್ಸಾರ್. ಸೆಕೆಂಡಿಗೆ 401 ಮಿಡಿತ, ಕಕ್ಷೆ ಬರೀ 2 ಗಂಟೆ. ಇಲ್ಲಿ 10,000 ಸೆಕೆಂಡಿನ ಮಾತೇ ಇಲ್ಲ, ಸುಮಾರು 230ಕ್ಕೇ ಶಿಖರ ಕಲಸುತ್ತದೆ, ಹಾಗಾಗಿ ಪ್ರೆಸ್ಟೊ ತಂತ್ರಾಂಶದ ವೇಗೋತ್ಕರ್ಷ ಹುಡುಕಾಟ (ಆವರ್ತನ ಜಾರುವುದನ್ನೂ ಲೆಕ್ಕಕ್ಕೆ ಹಿಡಿಯುವುದು) ಬೇಕೇ ಬೇಕು. ಅಷ್ಟರಲ್ಲಿ ಡಿಸ್ಕ್ ಬದಲಿಸಬೇಕು.