ಮಂಚದಡಿಯಿಂದ ಹೊರಬಂದಳು

ಬೀದಿಯಿಂದ ಎತ್ತಿ ತಂದ ಒಂಬತ್ತನೆಯ ದಿನವಾದ ಇಂದು ನಮ್ಮ ಹೆಣ್ಣುನಾಯಿ ಮಂಚದಡಿಯಿಂದ ತಾನಾಗಿಯೇ ಹೊರಬಂದು, ಮಾತ್ರೆ ಅಡಗಿಸಿಟ್ಟ ತುತ್ತನ್ನು ನನ್ನ ಅಂಗೈಯಿಂದಲೇ ತಿಂದಳು. ಉಣ್ಣೆಹುಳು ಕಚ್ಚಿ ಬಂದ ಜ್ವರಕ್ಕೆ ವೈದ್ಯರು 28 ದಿನ ಡಾಕ್ಸಿಸೈಕ್ಲಿನ್ ಎಂಬ ಆಂಟಿಬಯಾಟಿಕ್ ಮಾತ್ರೆ ಬರೆದಿದ್ದಾರೆ. ಖಾಲಿ ಹೊಟ್ಟೆಗೆ ಕೊಟ್ಟರೆ ವಾಂತಿಯಾಗಬಹುದಾದ್ದರಿಂದ ಅವಳು ಒಂದು ತುತ್ತು ತಿನ್ನುವುದೂ ನಮಗೆ ದೊಡ್ಡ ಸಂಗತಿ. ದಿನವೂ ಅವಳ ತುಟಿಯನ್ನು ಮೆಲ್ಲನೆ ಮೇಲೆತ್ತಿ ಒಸಡು ನೋಡುತ್ತೇನೆ. ರಕ್ತಹೀನತೆಯಿಂದ ಕಾಗದದಂತೆ ಬಿಳಿಚಿಕೊಂಡಿದ್ದ ಒಸಡಿನಲ್ಲಿ, ಕೋರೆಹಲ್ಲಿನ ಬುಡದ ಬಳಿ, ಇಂದು ನಸುಗೆಂಪು ಕಂಡಿತು. ಈ ಜ್ವರಕ್ಕೆ ಕುಸಿಯುವ, ರಕ್ತ ಹೆಪ್ಪುಗಟ್ಟಿಸುವ ಕಣಗಳಾದ ಪ್ಲೇಟ್‌ಲೆಟ್ ಎಷ್ಟು ಏರಿದೆಯೆಂಬುದನ್ನು ಮುಂದಿನ ರಕ್ತಪರೀಕ್ಷೆಯೇ ಹೇಳಬೇಕು. ಮುಟ್ಟಿದರೆ ಈಗಲೂ ಮೈ ಬಿಗಿಹಿಡಿಯುತ್ತಾಳೆ, ಆದರೆ ಓಡುವುದಿಲ್ಲ. ಅವಳಿಗೆ ಬೇಕಾಗಿದ್ದುದು ಮೆತ್ತನೆಯ ಹಾಸಿಗೆಯಲ್ಲ, ಯಾರೂ ಎಳೆದು ಹೊರತೆಗೆಯದ ಒಂದು ಮೂಲೆ ಎಂದು ನನಗೆ ಈಗೀಗ ಅನ್ನಿಸುತ್ತಿರುವುದರಿಂದ, ಮಂಚದಡಿಯ ಹಳೆಯ ಕಂಬಳಿಯನ್ನು ಹಾಗೆಯೇ ಬಿಟ್ಟಿದ್ದೇನೆ.