ಬೀಜಿಂಗಿನವನಾದ ಮಾರ್ಬರಿ

ಫೆಬ್ರವರಿ 11, 2025, ಮಂಗಳವಾರ

ಅಮೆರಿಕದ ಬಾಸ್ಕೆಟ್‌ಬಾಲ್ ಆಟಗಾರ ಸ್ಟೆಫನ್ ಮಾರ್ಬರಿ ಕೊನೆಯ ಪಂದ್ಯ ಆಡಿ ಇವತ್ತಿಗೆ ಏಳು ವರ್ಷ. ಬೆಳಗ್ಗೆ ಕಾಫಿ ಕುಡಿಯುತ್ತ ಆ ಪಂದ್ಯದ ತುಣುಕುಗಳನ್ನು ಮತ್ತೆ ನೋಡಿದೆ. ಆಗ ಅವನಿಗೆ ನಲವತ್ತೊಂದು ತುಂಬಲು ಒಂಬತ್ತೇ ದಿನ ಬಾಕಿ. ಆದರೂ ಚೆಂಡು ಕೈಗೆ ಬಂದೊಡನೆ ಆ ಹಳೆಯ ಬಿರುಸು.

ಅವನ ಬಗ್ಗೆ ಓದುವಾಗಲೆಲ್ಲ ನನಗೆ ಒಂದು ವಿಷಯಕ್ಕೆ ಸಿಟ್ಟು ಬರುತ್ತದೆ. ಅಮೆರಿಕದ ಲೀಗಾದ ಎನ್‌ಬಿಎಯಲ್ಲಿ ಅವನು ಆಡಿದ ವರ್ಷಗಳನ್ನು ಪುಟಗಟ್ಟಲೆ ಬರೆದು, ಕೊನೆಗೆ ‘ಆಮೇಲೆ ಚೀನಾಕ್ಕೆ ಹೋದ’ ಎಂದು ಮುಗಿಸಿಬಿಡುತ್ತಾರೆ. ನನ್ನ ಮಟ್ಟಿಗೆ ಅವನ ನಿಜವಾದ ಕಥೆ ಶುರುವಾಗುವುದೇ ಅಲ್ಲಿ.

ಹುಟ್ಟಿ ಬೆಳೆದದ್ದು ನ್ಯೂಯಾರ್ಕಿನ ಕೋನಿ ಐಲೆಂಡಿನ ಬಡವರ ವಸತಿ ಸಮುಚ್ಚಯದಲ್ಲಿ, ಏಳು ಮಕ್ಕಳಲ್ಲಿ ಆರನೆಯವನಾಗಿ. ಎನ್‌ಬಿಎ ತಂಡಗಳು ಹೊಸ ಆಟಗಾರರನ್ನು ಸರದಿಯಂತೆ ಆರಿಸಿಕೊಳ್ಳುವ 1996ರ ಆಯ್ಕೆಯಲ್ಲಿ ನಾಲ್ಕನೆಯವನು. ಎರಡು ಬಾರಿ ಆಲ್ ಸ್ಟಾರ್, ಅಂದರೆ ಲೀಗಿನ ಶ್ರೇಷ್ಠ ಆಟಗಾರರ ಪಂದ್ಯಕ್ಕೆ ಆಯ್ಕೆ. ಹುಟ್ಟೂರಿನ ನಿಕ್ಸ್ ತಂಡ ಸೇರಿದ ಮೇಲೆ ಮಾತ್ರ ಎಲ್ಲವೂ ಕೆಟ್ಟಿತು. 2007ರ ಡಿಸೆಂಬರಿನಲ್ಲಿ ಅಪ್ಪ ತೀರಿಕೊಂಡರು. ಮರುವರ್ಷ ತರಬೇತುದಾರರೊಂದಿಗೆ ಮನಸ್ತಾಪವಾಗಿ ಆಟವೇ ನಿಂತಿತು. ಸಾಯಬೇಕೆನಿಸಿದ್ದ ದಿನಗಳವು ಎಂದು ಮುಂದೆ ಅವನೇ ಹೇಳಿಕೊಂಡ.

2010ರ ಜನವರಿಯಲ್ಲಿ ಹೋಗಿ ಇಳಿದದ್ದು ಚೀನಾದ ಕಲ್ಲಿದ್ದಲಿನ ನಾಡಾದ ಶಾನ್ಶಿ ಪ್ರಾಂತ್ಯಕ್ಕೆ. ಭಾಷೆ ಬಾರದು, ಗುರುತಿನವರಿಲ್ಲ, ಕೊರೆಯುವ ಚಳಿ. ಮುಂದಿನ ಸೀಸನ್‌ಗೆ ಫೋಶಾನ್ ನಗರದ ತಂಡ. ಅಲ್ಲಿಯೂ ಒಂದೇ ಸೀಸನ್. ಚೀನಾದ ಲೀಗಾದ ಸಿಬಿಎಯಲ್ಲಿ ಆಗ ವಿದೇಶಿ ಆಟಗಾರರ ಪಾಡೇ ಹೀಗಿತ್ತು. ತಂಡದಲ್ಲಿ ಸಾಮಾನ್ಯವಾಗಿ ಇಬ್ಬರಿಗಷ್ಟೇ ಜಾಗವಿತ್ತು. ಅವರಿಂದ ರಾಶಿ ಅಂಕ ಬೇಕಿತ್ತು, ಒಪ್ಪಂದ ಮುಗಿದರೆ ಗಂಟುಮೂಟೆ ಕಟ್ಟಬೇಕಿತ್ತು.

2011ರಲ್ಲಿ ಬೀಜಿಂಗ್ ಡಕ್ಸ್ ಅವನನ್ನು ಕರೆಯಿತು. ಆ ತಂಡ ಅಲ್ಲಿಯವರೆಗೆ ಒಮ್ಮೆಯೂ ಸಿಬಿಎ ಪ್ರಶಸ್ತಿ ಗೆದ್ದಿರಲಿಲ್ಲ. ಫೈನಲ್‌ನಲ್ಲಿ ಎದುರಾದದ್ದು ಹಿಂದಿನ ಎಂಟು ಪ್ರಶಸ್ತಿಗಳಲ್ಲಿ ಏಳನ್ನು ಬಾಚಿಕೊಂಡಿದ್ದ ಗುವಾಂಗ್‌ಡಾಂಗ್ ತಂಡ. 2012ರ ಮಾರ್ಚ್ 30ರಂದು, ಫೈನಲ್ ಸರಣಿಯ ಐದನೆಯ ಪಂದ್ಯದಲ್ಲಿ, ಮೂವತ್ತೈದರ ಮಾರ್ಬರಿ 41 ಅಂಕ ಗಳಿಸಿದ. ಬೀಜಿಂಗ್ 124–121ರಿಂದ ಗೆದ್ದಿತು. ಆ ರಾತ್ರಿ ಅವನು ಅತ್ತದ್ದನ್ನು ನೋಡಿದರೆ ಈಗಲೂ ನನ್ನ ಗಂಟಲು ಕಟ್ಟುತ್ತದೆ. ಅದೇ ವರ್ಷ ಕ್ರೀಡಾಂಗಣದ ಹೊರಗೆ ಅವನ ಪ್ರತಿಮೆ ನಿಂತಿತು. 2014, 2015ರಲ್ಲಿ ಮತ್ತೆ ಪ್ರಶಸ್ತಿ.

ಆದರೆ ಪ್ರತಿಮೆಗಿಂತ ನನಗೆ ಇಷ್ಟವಾದದ್ದು ಅವನು ಪಂದ್ಯಕ್ಕೆ ಮೆಟ್ರೊದಲ್ಲಿ ಹೋಗುತ್ತಿದ್ದುದು. ಬೀಜಿಂಗಿನ ಸಂಜೆಯ ವಾಹನ ದಟ್ಟಣೆಯಲ್ಲಿ ಕಾರಿಗಿಂತ ಅದೇ ವಾಸಿ, ನಿಜ. ಆದರೂ ಜನರ ನಡುವೆ ಚೀಲ ಹೊತ್ತು ನಿಂತವನನ್ನು ನೆನೆಸಿಕೊಂಡರೆ, ಹಿಂದೆ ಅವನು ತನ್ನ ಹೆಸರಿನ ಶೂಗಳನ್ನು ಬಡ ಮಕ್ಕಳಿಗೂ ಎಟುಕಲೆಂದು 15 ಡಾಲರಿಗಿಂತ ಕಡಿಮೆಗೆ ಮಾರಿಸಿ, ಅದನ್ನೇ ತೊಟ್ಟು ಎನ್‌ಬಿಎಯಲ್ಲಿ ಆಡಿದ್ದು ನೆನಪಾಗುತ್ತದೆ. ಕೋನಿ ಐಲೆಂಡಿನ ಹುಡುಗ ಅವನೊಳಗೆ ಎಲ್ಲಿಗೂ ಹೋಗಿರಲಿಲ್ಲ. ಬೀಜಿಂಗಿನವರು ಅವನನ್ನು ‘ಲಾವ್ ಮಾ’ ಎಂದರು. ನಮ್ಮಲ್ಲಿ ಹಳೆಯ ಗೆಳೆಯನನ್ನು ಕರೆದಷ್ಟೇ ಸಲಿಗೆಯ ಹೆಸರು ಅದು.

ನಿವೃತ್ತಿಯಾದ ಮರುವರ್ಷ ಅದೇ ನಗರದ ಇನ್ನೊಂದು ತಂಡಕ್ಕೆ ತರಬೇತುದಾರನಾದ. ಕಾಫಿ ಆರಿಹೋಗಿತ್ತು. 2012ರ ಆ ಐದನೆಯ ಪಂದ್ಯವನ್ನು ಇವತ್ತು ರಾತ್ರಿ ಮೊದಲಿನಿಂದ ನೋಡಬೇಕು.